ಓದುಗರ ಪ್ರಶ್ನೆ: ವಿಯೆಂಟಿಯಾನ್‌ನಲ್ಲಿ ಒಂದು ರಾತ್ರಿ ಉಳಿಯಬೇಕೇ?

ಪ್ರಶ್ನೆ: ಲಾವೋಸಿನ ಲುವಾಂಗ್ ಪ್ರಬಾಂಗ್‌ನಿಂದ ರೈಲಿನಲ್ಲಿ ಹೊರಟು ಮಧ್ಯಾಹ್ನದ ಹೊತ್ತಿಗೆ ರಾಜಧಾನಿ ವಿಯೆಂಟಿಯಾನ್ ತಲುಪಿ, ಮರುದಿನ ಸಂಜೆ ಗಡಿ ದಾಟಿ ಥಾಯ್ಲೆಂಡಿನ ನೊಂಗ್ ಖಾಯ್‌ನಿಂದ ರಾತ್ರಿ ರೈಲಿನಲ್ಲಿ ಬ್ಯಾಂಕಾಕಿಗೆ ಹೋಗುವ ಯೋಚನೆ ನನ್ನದು. ಬೆನ್ನಿಗೊಂದು ಚೀಲ, ಹಾಸ್ಟೆಲಿನಲ್ಲೊಂದು ಹಾಸಿಗೆ, ಎಣಿಸಿಟ್ಟ ದುಡ್ಡು. ಹೋಗಿ ಬಂದವರೆಲ್ಲ "ವಿಯೆಂಟಿಯಾನ್‌ನಲ್ಲಿ ನೋಡುವಂಥದ್ದು ಏನೂ ಇಲ್ಲ, ನೇರವಾಗಿ ಗಡಿ ದಾಟಿಬಿಡಿ" ಎನ್ನುತ್ತಿದ್ದಾರೆ. ಅಲ್ಲಿ ಒಂದು ದಿನ ಕಳೆಯುವುದು ವ್ಯರ್ಥವೇ?

ಉತ್ತರ: ನೀವು ಹಿಡಿದಿರುವ ದಾರಿಯಲ್ಲಿ ಹೋಗುವವರಿಗಂತೂ ಖಂಡಿತ ವ್ಯರ್ಥವಲ್ಲ. ಲುವಾಂಗ್ ಪ್ರಬಾಂಗ್, ವಿಯೆಂಟಿಯಾನ್, ಬ್ಯಾಂಕಾಕ್ ಎಂಬ ಮೂರು ಊರುಗಳನ್ನು ನೀವು ರೈಲಿನ ಅನುಕೂಲ ನೋಡಿ ಪೋಣಿಸಿಕೊಂಡಿರಬಹುದು. ಆದರೆ ಪಚ್ಚೆ ಬುದ್ಧನೆಂದು ಹೆಸರಾದ, ಮೊಣಕಾಲೆತ್ತರಕ್ಕಿಂತ ತುಸು ಹೆಚ್ಚಿರುವ ಹಸಿರು ಕಲ್ಲಿನ ವಿಗ್ರಹವೊಂದು ನಿಮಗಿಂತ ಮೊದಲೇ ಇದೇ ಕ್ರಮದಲ್ಲಿ ಪ್ರಯಾಣ ಮಾಡಿದೆ. ಲಾವೋಸಿನ ಹಳೆಯ ಲಾನ್ ಸಾಂಗ್ ರಾಜ್ಯದ ದೊರೆ ಸೆಟ್ಟಾತಿರಾತ್ ಅದನ್ನು ಚಿಯಾಂಗ್ ಮಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ತಂದನು; 1560ರಲ್ಲಿ ರಾಜಧಾನಿಯನ್ನು ವಿಯೆಂಟಿಯಾನ್‌ಗೆ ಬದಲಾಯಿಸಿದ ಬಳಿಕ ಅಲ್ಲಿ ಅದಕ್ಕೆಂದೇ ಹೋ ಫ್ರಾ ಕೇವ್ ಎಂಬ ಗುಡಿಯನ್ನು ಕಟ್ಟಿಸಿದನು. 1779ರಲ್ಲಿ ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ಸೈನ್ಯ ಊರನ್ನು ಗೆದ್ದು ವಿಗ್ರಹವನ್ನು ಹೊತ್ತೊಯ್ದಿತು. ಈಗ ಅದು ಬ್ಯಾಂಕಾಕಿನ ಅರಮನೆಯ ಆವರಣದಲ್ಲಿದೆ, ಮತ್ತು ನೀವೂ ಅದನ್ನು ನೋಡದೆ ಬರುವವರಲ್ಲ ಎಂದುಕೊಂಡಿದ್ದೇನೆ. ಮೊದಲು ಅದು ಇದ್ದ ಮನೆಯನ್ನು ನೋಡಿಕೊಂಡು ಹೋಗಿ ಎಂಬುದು ನನ್ನ ಸಲಹೆ.

ಮೊದಲ ದಿನದ ಮಧ್ಯಾಹ್ನವನ್ನು ಇದಕ್ಕೇ ಮೀಸಲಿಡಿ. ರೈಲು ನಿಲ್ದಾಣವು ಊರಿನ ನಡುಭಾಗದಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವುದರಿಂದ, ಹೊರಗೆ ಕಾದಿರುವ ಹಂಚಿಕೆಯ ವ್ಯಾನನ್ನೇ ಹಿಡಿಯುವುದು ಅಗ್ಗ. ಲುವಾಂಗ್ ಪ್ರಬಾಂಗ್‌ನಲ್ಲಿ ರೈಲು ಹತ್ತುವ ಮುನ್ನ ಚೀಲದಲ್ಲಿ ಮಡಚುವ ಚಾಕು ಅಥವಾ ಸ್ಪ್ರೇ ಡಬ್ಬಿ ಇದೆಯೇ ಎಂದು ನೋಡಿಕೊಳ್ಳಿ. ತಪಾಸಣೆಯಲ್ಲಿ ಅವನ್ನು ತೆಗೆದಿಟ್ಟುಕೊಳ್ಳುತ್ತಾರೆ. ಹಾಸ್ಟೆಲಿನಲ್ಲಿ ಚೀಲ ಇಳಿಸಿದ ಮೇಲೆ ವಾಹನದ ಅಗತ್ಯವಿಲ್ಲ. ಹೋ ಫ್ರಾ ಕೇವ್ ಈಗ ವಸ್ತುಸಂಗ್ರಹಾಲಯವಾಗಿದ್ದು, ಇಂದು ಕಾಣುವ ಕಟ್ಟಡವು ಫ್ರೆಂಚರ ಆಡಳಿತದ ಕೊನೆಯ ದಶಕಗಳಲ್ಲಿ ಮರಳಿ ಕಟ್ಟಿದ್ದು. ಅದರ ಎದುರಿಗೇ, ರಸ್ತೆಯ ಆಚೆ ಬದಿಯಲ್ಲಿ, 1818ರಲ್ಲಿ ವಿಯೆಂಟಿಯಾನ್‌ನ ದೊರೆ ಚಾವೋ ಅನುವೊಂಗ್ ಕಟ್ಟಿಸಿದ ವಾಟ್ ಸಿ ಸಾಕೆಟ್ ಇದೆ. ಸಯಾಮಿನ ವಿರುದ್ಧ ಅವನು ಎದ್ದ ದಂಗೆ ಸೋತು, 1828ರ ಹೊತ್ತಿಗೆ ಊರಿಗೆ ಊರೇ ನೆಲಸಮವಾದಾಗ ಉಳಿದುಕೊಂಡ ದೊಡ್ಡ ಗುಡಿ ಇದೊಂದೇ. ಸಯಾಮಿನದೇ ಶೈಲಿಯಲ್ಲಿ ಕಟ್ಟಿದ್ದರಿಂದ ಗೆದ್ದವರು ಕೈ ಮಾಡಲಿಲ್ಲ ಎಂದು ಊಹಿಸುವವರಿದ್ದಾರೆ. ಸುತ್ತು ಪೌಳಿಯ ಗೋಡೆಯ ತುಂಬ ಪಾರಿವಾಳದ ಗೂಡುಗಳಂತೆ ಚಿಕ್ಕ ಚಿಕ್ಕ ಗೂಡುಗಳಿದ್ದು, ಅವುಗಳಲ್ಲಿ ಬೆರಳುದ್ದದ ಬುದ್ಧ ಮೂರ್ತಿಗಳನ್ನು ಕೂರಿಸಿದ್ದಾರೆ. ಕೆಳಗೆ ಜಗಲಿಯ ಮೇಲೆ ಮೂಗು ಸವೆದ, ಬಣ್ಣ ಕಳೆದ ದೊಡ್ಡ ಮೂರ್ತಿಗಳು ಸಾಲಾಗಿ ಕುಳಿತಿವೆ. ಇವೆರಡೂ ಸಂಜೆ ನಾಲ್ಕರ ಸುಮಾರಿಗೆ ಮುಚ್ಚುವುದರಿಂದ ಊಟಕ್ಕೆಂದು ತಡ ಮಾಡಬೇಡಿ.

ಬೆಳಕು ಇಳಿಯುವ ಹೊತ್ತಿಗೆ ಮೆಕಾಂಗ್ ದಂಡೆಗೆ ನಡೆದುಹೋಗಿ. ಅಲ್ಲಿನ ಉದ್ಯಾನದಲ್ಲಿ ಅದೇ ಅನುವೊಂಗನ ಕಂಚಿನ ಪ್ರತಿಮೆಯಿದೆ. ರಾಜಧಾನಿಗೆ 450 ವರ್ಷ ತುಂಬಿದ 2010ರಲ್ಲಿ ನಿಲ್ಲಿಸಿದ್ದು. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈ ನದಿಯಾಚೆಗಿನ ಥಾಯ್ಲೆಂಡಿನ ಕಡೆಗೆ ಚಾಚಿಕೊಂಡಿದೆ. ಮಧ್ಯಾಹ್ನ ಎರಡು ಗುಡಿಗಳನ್ನು ನೋಡಿ ಬಂದವರಿಗೆ ಆ ಕೈಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದಂಡೆಯ ಉದ್ದಕ್ಕೂ ಸಂಜೆ ಸಂತೆ ನೆರೆಯುತ್ತದೆ. ರಾತ್ರಿ ಯಾರಾದರೂ ಪುಕ್ಕಟೆಯಾಗಿ ಮದ್ಯ ಸುರಿದುಕೊಟ್ಟರೆ ಮಾತ್ರ ಬೇಡವೆನ್ನಿ: 2024ರ ನವೆಂಬರಿನಲ್ಲಿ ವಾಂಗ್ ವಿಯೆಂಗ್ ಊರಿನಲ್ಲಿ ಮೆಥನಾಲ್ ಎಂಬ ವಿಷ ಬೆರೆತ ಮದ್ಯದಿಂದ ಆರು ಮಂದಿ ವಿದೇಶಿ ಪ್ರವಾಸಿಗಳು ಪ್ರಾಣ ಕಳೆದುಕೊಂಡರು, ಅವರಲ್ಲಿ ಹೆಚ್ಚಿನವರು ನಿಮ್ಮಂತೆಯೇ ಚೀಲ ಹೊತ್ತು ತಿರುಗುತ್ತಿದ್ದ ಎಳೆಯರು.

ಮರುದಿನ ಬೆಳಿಗ್ಗೆ ಪಾತುಸಾಯ್ ವಿಜಯದ್ವಾರವನ್ನು ಹತ್ತಬಹುದು. ವಿಮಾನ ನಿಲ್ದಾಣದ ಓಡುದಾರಿಗೆಂದು ಅಮೆರಿಕ ಕೊಟ್ಟ ಸಿಮೆಂಟಿನಲ್ಲಿ ಕಟ್ಟಿದ್ದರಿಂದ ಅದಕ್ಕೆ "ನಿಂತ ರನ್‌ವೇ" ಎಂಬ ಅಡ್ಡಹೆಸರಿದೆ. ಸಮಯ ಸಾಲದಿದ್ದರೆ ಅದನ್ನು ದೂರದಿಂದಲೇ ನೋಡಿ. ಕೈಕಾಲು ಕಳೆದುಕೊಂಡವರಿಗೆ ಕೃತಕ ಅಂಗ ಒದಗಿಸುವ ಕೋಪ್ ಕೇಂದ್ರವನ್ನು ಮಾತ್ರ ಬಿಡಬೇಡಿ. ಅಲ್ಲಿ ಪ್ರವೇಶ ಉಚಿತ. 1964ರಿಂದ 1973ರವರೆಗೆ ಅಮೆರಿಕವು ಲಾವೋಸಿನ ಮೇಲೆ ಇಪ್ಪತ್ತು ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿಯಿತು. ಅದರಲ್ಲಿದ್ದ ಸುಮಾರು 27 ಕೋಟಿ ಮರಿಬಾಂಬುಗಳ ಪೈಕಿ ಮೂರನೆಯ ಒಂದು ಭಾಗದಷ್ಟು ಸಿಡಿಯದೆ ಹೊಲಗದ್ದೆಗಳಲ್ಲಿ ಉಳಿದವು. ಕಾಲು ಕಳೆದುಕೊಂಡ ಹಳ್ಳಿಗರು ಮರ, ಬಿದಿರು, ತಗಡುಗಳಿಂದ ತಾವೇ ಮಾಡಿಕೊಂಡು ವರ್ಷಗಟ್ಟಲೆ ಬಳಸಿದ ಕೃತಕ ಕಾಲುಗಳನ್ನು ಅಲ್ಲಿ ಜೋಡಿಸಿಟ್ಟಿದ್ದಾರೆ. ಆ ಕೋಣೆಗೆ ಒಂದು ಗಂಟೆ ಕೊಡಿ.

ಅಲ್ಲಿಂದ ಮುಂದಕ್ಕೆ ಚೀಲವನ್ನು ಜೊತೆಗೇ ಒಯ್ಯಿರಿ. ತಲಾತ್ ಸಾವೋ ನಿಲ್ದಾಣದಿಂದ ಹೊರಡುವ 14ನೆಯ ಸಂಖ್ಯೆಯ ಬಸ್ಸು ಗಡಿಯ ಸ್ನೇಹ ಸೇತುವೆಯನ್ನು ದಾಟದೆ ಅದರ ಬಳಿಯಿಂದ ಹಾದು, ನಗರದಿಂದ ಸುಮಾರು 25 ಕಿಲೋಮೀಟರ್ ದೂರದ ಬುದ್ಧ ಉದ್ಯಾನದವರೆಗೆ ಹೋಗುತ್ತದೆ. ಬುನ್‌ಲುವಾ ಸುಲಿಲಾತ್ ಎಂಬ ವ್ಯಕ್ತಿ 1958ರಲ್ಲಿ ಶುರುಮಾಡಿದ ಈ ತೋಟದಲ್ಲಿ ಬುದ್ಧ, ಶಿವ, ವಿಷ್ಣು, ರಾಕ್ಷಸರೆಲ್ಲ ಸಿಮೆಂಟಿನಲ್ಲಿ ಒಟ್ಟಿಗೆ ನಿಂತಿದ್ದಾರೆ. ದೈತ್ಯನೊಬ್ಬನ ಬಾಯಿಯೊಳಗೆ ನುಗ್ಗಿ, ನರಕ, ಭೂಮಿ, ಸ್ವರ್ಗವೆಂಬ ಮೂರು ಅಂತಸ್ತುಗಳ ಕತ್ತಲೆಯ ಮೆಟ್ಟಿಲನ್ನು ಹತ್ತಿ ಮೇಲೆ ಬರುವ ಗುಮ್ಮಟವೂ ಇದೆ. ಮೆಟ್ಟಿಲು ಬಹಳ ಇಕ್ಕಟ್ಟು, ಬೆನ್ನಿನ ಚೀಲವನ್ನು ಕೆಳಗೇ ಬಿಡಬೇಕಾದೀತು. ಮರಳುವಾಗ ಊರಿನವರೆಗೆ ಹೋಗದೆ ಸೇತುವೆಯ ಬಳಿಯೇ ಇಳಿದುಬಿಟ್ಟರೆ ಎರಡು ಸಲ ಓಡಾಡುವ ಸಮಯವೂ ದುಡ್ಡೂ ಉಳಿಯುತ್ತದೆ. ಸೇತುವೆಯನ್ನು ನಡೆದು ದಾಟಲು ಬಿಡುವುದಿಲ್ಲ. ಅದಕ್ಕೆಂದೇ ಆಚೀಚೆ ಓಡುವ ಬಸ್ಸುಗಳಿವೆ. ಥಾಯ್ಲೆಂಡಿನ ಡಿಜಿಟಲ್ ಆಗಮನ ಪತ್ರವನ್ನು ಪ್ರವೇಶದ ಹಿಂದಿನ ಮೂರು ದಿನಗಳೊಳಗೆ ಅಂತರಜಾಲದಲ್ಲಿ ತುಂಬಿರಬೇಕಾದ್ದರಿಂದ, ಅದನ್ನು ಹಿಂದಿನ ರಾತ್ರಿ ಹಾಸ್ಟೆಲಿನ ವೈಫೈ ಇರುವಾಗಲೇ ಮುಗಿಸಿಕೊಳ್ಳಿ.

ಪ್ರಶ್ನೆ: ನಾನು ಸಸ್ಯಾಹಾರಿ. ವಿಯೆಂಟಿಯಾನ್‌ನ ಬೀದಿಬದಿಯಲ್ಲಿ ಹೊಟ್ಟೆ ತುಂಬೀತೇ? ಎಷ್ಟು ನಗದು ಇಟ್ಟುಕೊಳ್ಳಬೇಕು?

ಉತ್ತರ: ತುಂಬುತ್ತದೆ, ಆದರೆ ಕೇಳಿ ತಿನ್ನಬೇಕು. ನೋಡಲು ಬರೀ ತರಕಾರಿಯಂತಿರುವ ಪರಂಗಿಕಾಯಿಯ ಕೋಸಂಬರಿಗೂ ಪಾಡೆಕ್ ಎಂಬ ಕೊಳೆಹಾಕಿದ ಮೀನಿನ ರಸ ಬೀಳುತ್ತದೆ. "ಕಿನ್ ಜೇ" ಎಂದರೆ ಮಾಂಸ, ಮೀನು, ಮೊಟ್ಟೆ ಯಾವುದೂ ಬೇಡವೆಂದು ಅರ್ಥವಾಗುತ್ತದೆ. ಮುಚ್ಚಳವಿರುವ ಪುಟ್ಟ ಬಿದಿರಿನ ಬುಟ್ಟಿಯಲ್ಲಿ ಕೊಡುವ ಅಂಟಕ್ಕಿಯ ಅನ್ನವನ್ನು ಯಾವ ಹೆದರಿಕೆಯೂ ಇಲ್ಲದೆ ತಿನ್ನಬಹುದು. ಚಿಟಿಕೆ ತೆಗೆದು ಬೆರಳುಗಳಲ್ಲಿ ಉಂಡೆ ಮಾಡಿಕೊಂಡು ತಿನ್ನುವುದು ಅಲ್ಲಿನ ರೂಢಿ. ನಗದಿನ ವಿಷಯಕ್ಕೆ ಬಂದರೆ, ಡಾಲರಿಗೆ ಲಾವೋಸಿನ ಹಣವಾದ ಕಿಪ್ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಿಗುವುದರಿಂದ ಸೊನ್ನೆಗಳನ್ನು ನಿಧಾನವಾಗಿ ಎಣಿಸಿ. ಎಟಿಎಂ ಪ್ರತಿ ಸಲವೂ ಶುಲ್ಕ ಮುರಿದುಕೊಳ್ಳುತ್ತದೆ. ಬೇಕಾದಷ್ಟನ್ನು ಒಂದೇ ಸಲಕ್ಕೆ ತೆಗೆಯಿರಿ, ಮತ್ತು ಉಳಿದ ಕಿಪ್ಪನ್ನು ಸೇತುವೆ ದಾಟುವ ಮೊದಲೇ ಬದಲಾಯಿಸಿಕೊಳ್ಳಿ. ಆಚೆ ದಡದಲ್ಲಿ ಅದನ್ನು ಕೊಳ್ಳುವವರು ಸಿಗುವುದು ಕಷ್ಟ.