ಸ್ಕೈರಿಮ್ ಗೇಮ್‌ನ ಜನ ಗೊಂಬೆಗಳ ಹಾಗೆ ಅನ್ನಿಸುತ್ತಾರೆ, ಗ್ರಾಫಿಕ್ಸ್ ಮಾಡ್ (ಗೇಮ್‌ನ ನೋಟ ಬದಲಿಸೋಕೆ ಆಡುವವರೇ ಮಾಡಿದ ಸೇರ್ಪಡೆ) ಹಾಕಿದರೆ ಸರಿಹೋಗುತ್ತಾ? ಪಾತ್ರಗಳ ಜೊತೆ ನಿಜಕ್ಕೂ ಒಡನಾಟ ಇದೆ ಅನ್ನಿಸುವ ಸಿಂಗಲ್ ಪ್ಲೇಯರ್ ಗೇಮ್ ಯಾವುದು?

ಮಾಡ್ ಹಾಕಿದರೆ ಸರಿಹೋಗಲ್ಲ. ಮುಖದ ಸುಕ್ಕು ಎಣಿಸುವಷ್ಟು ಚಂದ ಮಾಡಿದರೂ ನಜೀಮ್ ನಜೀಮೇ. ವೈಟ್‌ರನ್ ಅನ್ನೋ ಊರಿನ ಸಂತೆಯಲ್ಲಿ ಓಡಾಡುತ್ತಾನಲ್ಲ, ಅವನೇ. ನೀವು ಡ್ರ್ಯಾಗನ್ ಕೊಂದು ಬಂದಿರುತ್ತೀರಿ, ಊರಿನ ಯಾರ್ಲ್, ಅಂದರೆ ಒಡೆಯ, ನಿಮಗೆ ಥೇನ್ ಅನ್ನೋ ಗೌರವದ ಪದವಿ ಕೊಟ್ಟಿರುತ್ತಾನೆ, ದಿನಾ ಅರಮನೆಗೆ ಹೋಗಿ ಬರುತ್ತಿರುತ್ತೀರಿ, ಆದರೂ ಅವನು ಎದುರು ಸಿಕ್ಕಾಗ ಅರಮನೆ ಇರುವ ಕ್ಲೌಡ್ ಡಿಸ್ಟ್ರಿಕ್ಟ್ ಕಡೆ ಆಗಾಗ ಹೋಗುತ್ತೀಯಾ ಅಂತ ಕೇಳಿ, ನೀನೆಲ್ಲಿ ಹೋಗುತ್ತೀಯಾ ಬಿಡು ಅಂತ ತಾನೇ ಉತ್ತರ ಕೊಟ್ಟುಕೊಳ್ಳುತ್ತಾನೆ. ಅವನಿಗೆ ಸೊಕ್ಕು ಇರಲಿ, ಪರವಾಗಿಲ್ಲ, ಸೊಕ್ಕಿರುವ ಪಾತ್ರ ಒಳ್ಳೆಯದೇ. ನನಗೆ ಸಿಟ್ಟು ಬರೋದು ಬೇರೆ ಕಾರಣಕ್ಕೆ. "ಸ್ವಾಮಿ, ನಾನೀಗ ಥೇನ್" ಅಂತ ಹೇಳೋಕೆ ಅಲ್ಲಿ ದಾರಿಯೇ ಇಲ್ಲ. ಒಂದೋ ಸುಮ್ನೆ ಮುಂದೆ ಹೋಗಬೇಕು, ಇಲ್ಲಾ ಕತ್ತಿ ಎತ್ತಬೇಕು. ನಡುವೆ ಏನೂ ಇಲ್ಲ.

ಆ ನಡುವಿನ ಜಾಗದಲ್ಲೇ ಎಲ್ಲ ಇರೋದು ಅಂತ ನನ್ನ ಲೆಕ್ಕ. ನಾನು ಎಂಥವನು ಅಂತ ತೋರಿಸಿಕೊಳ್ಳೋಕೆ ಗೇಮ್ ನನಗೆ ಅವಕಾಶ ಕೊಡಬೇಕು, ಅದನ್ನು ಎದುರಿಗಿದ್ದವರು ಗಮನಿಸಬೇಕು. ಕಥೆ ಕವಲೊಡೆಯದಿದ್ದರೂ ಪರವಾಗಿಲ್ಲ.

ಬರೀ ಅವಕಾಶ ಕೊಟ್ಟು ಗಮನಿಸದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಫೇಬಲ್ ಗೇಮ್ ನೋಡಿ. 2004ರ ಮೊದಲ ಭಾಗದಲ್ಲೂ 2008ರ ಎರಡನೇ ಭಾಗದಲ್ಲೂ ಹೀರೋ ಕೈಲಿ ಎಂಥೆಂಥ ಹಾವಭಾವ ಮಾಡಿಸಬಹುದು! ಕುಣಿಯೋದು, ತೇಗೋದು, ಸರಸವಾಡೋದು, ತೋಳು ಏರಿಸಿ ತೋರಿಸೋದು. ಮೊದಮೊದಲು ಭಾರಿ ಮಜಾ. ಆಮೇಲೆ ಗೊತ್ತಾಗುತ್ತದೆ, ಇದೆಲ್ಲ ಎದುರಿನವರಿಗೆ ನೀವೆಷ್ಟು ಇಷ್ಟ ಅನ್ನೋ ಒಂದು ಮೀಟರ್ ಏರಿಸುವ ಕೆಲಸ ಅಂತ. ಯಾರದೋ ಮುಂದೆ ಅದನ್ನೇ ಮತ್ತೆ ಮತ್ತೆ ಕುಣಿದು ಉಂಗುರ ಕೊಟ್ಟರೆ ಮದುವೆಯೇ ಆಗಿಬಿಡುತ್ತದೆ. ಆಕೆ ಯಾರು, ಆಕೆಗೆ ಏನು ಇಷ್ಟ, ಕೇಳಬೇಡಿ.

ಇದಕ್ಕೆ ಪೂರ್ತಿ ಉಲ್ಟಾ, 1999ರ ಪ್ಲೇನ್‌ಸ್ಕೇಪ್: ಟಾರ್ಮೆಂಟ್. ಅದರಲ್ಲಿ ಹಾವಭಾವವೂ ಇಲ್ಲ, ಮುಖವೂ ಸರಿಯಾಗಿ ಕಾಣಲ್ಲ, ಬರೀ ಓದೋದು. ಆದರೆ ಉತ್ತರಗಳ ಪಟ್ಟಿಯಲ್ಲಿ ಕೆಲವು ಸಲ ಒಂದೇ ಮಾತು ಎರಡು ಸಾರಿ ಬರುತ್ತದೆ, ಒಂದರ ಮುಂದೆ ನಿಜ ಅಂತ, ಇನ್ನೊಂದರ ಮುಂದೆ ಸುಳ್ಳು ಅಂತ. "ಸಹಾಯ ಮಾಡುತ್ತೇನೆ" ಅಂತ ಹೇಳುತ್ತೀರಿ, ಎದುರಿನವನ ಕಿವಿಗೆ ಬೀಳೋದು ಎರಡೂ ಒಂದೇ. ಮನಸ್ಸಲ್ಲಿ ಏನಿಟ್ಟುಕೊಂಡು ಹೇಳಿದಿರಿ ಅನ್ನೋದು ನಿಮಗೆ ಮತ್ತು ಗೇಮ್‌ಗೆ ಮಾತ್ರ ಗೊತ್ತು, ನಿಮ್ಮ ಪಾತ್ರದ ಸ್ವಭಾವ ಅದರ ಮೇಲೆ ನಿಧಾನಕ್ಕೆ ಬದಲಾಗುತ್ತದೆ. ಇಷ್ಟು ಅಗ್ಗದ, ಇಷ್ಟು ಚೆನ್ನಾಗಿ ಕೆಲಸ ಮಾಡುವ ಉಪಾಯವನ್ನು ಆಮೇಲೆ ಬಂದವರು ಯಾಕೆ ಕೈಬಿಟ್ಟರೋ. ಫಾಲ್‌ಔಟ್ 4ರಲ್ಲಂತೂ (2015) ಮಾತಿಗೆ ನಾಲ್ಕೇ ಬಟನ್, ವ್ಯಂಗ್ಯ ಅಂತ ಒತ್ತಿದರೆ ಹೀರೋ ಬಾಯಿಂದ ಏನು ಬರುತ್ತದೋ ಅವನು ಹೇಳುವವರೆಗೂ ನಿಮಗೆ ಗೊತ್ತಿರಲ್ಲ.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಡಿಸ್ಕೋ ಎಲೀಸಿಯಂ, 2019. ಅದರಲ್ಲೂ ಕಿಮ್ ಕಿತ್ಸುರಾಗಿ.

ನೀವು ಕುಡಿದು ಕುಡಿದು ಹೆಸರೂ ಮರೆತಿರುವ ಪತ್ತೇದಾರ. ಹಾಸ್ಟೆಲ್ ಹಿಂದಿನ ಮರದಲ್ಲಿ ಹೆಣ ದಿನಗಟ್ಟಲೆ ನೇತಾಡುತ್ತಿದೆ, ನೀವು ಕೋಣೆ ಧ್ವಂಸ ಮಾಡಿ ಬಿದ್ದುಕೊಂಡಿದ್ದೀರಿ. ಎದ್ದು ಕೆಳಗೆ ಬಂದರೆ ಬೇರೆ ಠಾಣೆಯಿಂದ ಬಂದ ಕಿಮ್ ಕಾಯುತ್ತಾ ನಿಂತಿರುತ್ತಾನೆ. ಕಿತ್ತಳೆ ಜಾಕೆಟ್, ಕನ್ನಡಕ, ಕೈಯಲ್ಲಿ ನೋಟ್‌ಬುಕ್. ಆ ಹೆಣದ ಹತ್ತಿರ ಹೋದರೆ ವಾಸನೆಗೆ ನಿಮಗೆ ವಾಂತಿ ಆಗಬಹುದು. ಅವನು ನಗಲ್ಲ, ಬೈಯಲ್ಲ, ಕಾಯುತ್ತಾನೆ. ಹುಚ್ಚುಚ್ಚಾಗಿ ಏನಾದರೂ ಕೇಳಿದರೆ ಒಂದು ಕ್ಷಣ ಸುಮ್ಮನಿದ್ದು ಉತ್ತರ ಕೊಟ್ಟು, ಕೇಸ್‌ಗೆ ವಾಪಸ್ ಬರೋಣ್ವಾ ಅನ್ನುವ ಧಾಟಿಯಲ್ಲಿ ಮುಂದುವರಿಯುತ್ತಾನೆ. ಹಾಸ್ಟೆಲ್ ಬಾಡಿಗೆಗೆ ದುಡ್ಡು ಹೊಂದದಿದ್ದರೆ ತನ್ನ ಗಾಡಿಯ ಚಕ್ರದ ಅಲಂಕಾರವನ್ನೇ ಮಾರೋಕೆ ಕೊಡುತ್ತಾನೆ, ಆ ಗಾಡಿ ಅಂದರೆ ಅವನಿಗೆ ಪ್ರಾಣ. ದಿನಕ್ಕೆ ಒಂದೇ ಒಂದು ಸಿಗರೇಟು ಸೇದುತ್ತಾನೆ, ಸಂಜೆ, ಅವತ್ತು ಬರೆದುಕೊಂಡಿದ್ದನ್ನು ನೋಡುತ್ತಾ.

ಇವನ ಮೇಲೆ ಪ್ರೀತಿಯ ಮೀಟರ್ ತೇಲಾಡಲ್ಲ. ಹಾಗಾಗಿ ನೀವೇ ಅವನನ್ನು ಗಮನಿಸೋಕೆ ಶುರು ಮಾಡುತ್ತೀರಿ. ಹುಬ್ಬು ಏರಿಸಿದನಾ, ನೋಟ್‌ಬುಕ್ಕಿನಲ್ಲಿ ಏನೋ ಗೀಚಿದನಲ್ಲ, ತಪ್ಪು ಮಾತಾಡಿದೆನಾ? ನನ್ನ ಪತ್ತೇದಾರ ಕಂಡಲ್ಲೆಲ್ಲ ಹುಚ್ಚಾಟ ಮಾಡುವವನು, ಆದರೆ ಕಿಮ್ ಪಕ್ಕದಲ್ಲಿದ್ದಾಗ ಚೂರು ತಡೆದುಕೊಳ್ಳುತ್ತಿದ್ದ. ಹಾಗೆ ಮಾಡು ಅಂತ ಗೇಮ್ ಹೇಳಿರಲಿಲ್ಲ. ಮರ್ಯಾದೆ ಹೋಗುತ್ತದಲ್ಲ ಅಂತ, ಅಷ್ಟೇ.

ಬಾಲ್ಡರ್ಸ್ ಗೇಟ್ 3 (2023) ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ, ಆಸ್ಟೇರಿಯನ್ ಪಾತ್ರಕ್ಕೆ ಧ್ವನಿ ಕೊಟ್ಟ ನೀಲ್ ನ್ಯೂಬನ್‌ಗೆ ಪ್ರಶಸ್ತಿ ಬಂದಿದ್ದು ಸುಮ್ನೆ ಅಲ್ಲ. ಒಂದೇ ತಕರಾರು. ನೀವೊಂದು ಮಾತು ಹೇಳಿದ ತಕ್ಷಣ ಮೂಲೆಯಲ್ಲಿ "ಆಸ್ಟೇರಿಯನ್‌ಗೆ ಇಷ್ಟವಾಯಿತು" ಅಂತ ಸೂಚನೆ ಬರುತ್ತದೆ. ಮುಖದಲ್ಲೇ ಕಾಣುತ್ತಿರುವಾಗ ಮಾರ್ಕ್ಸ್ ಕಾರ್ಡ್ ಯಾಕೆ? ಅದರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಸ್ಕ್ರ್ಯಾಚ್ ಅನ್ನೋ ನಾಯಿ. ಸತ್ತ ಯಜಮಾನನ ಪಕ್ಕ ಕೂತು ಗುರ್ ಅನ್ನುತ್ತಿರುತ್ತದೆ. ಗದರಿಸದೆ ಕೈ ಚಾಚಿ ಮೂಸಿಸಿ ಬಂದರೆ, ಆಮೇಲೆ ತಾನಾಗಿಯೇ ನಿಮ್ಮ ಕ್ಯಾಂಪಿಗೆ ಬರುತ್ತದೆ.

ಮಾತೇ ಬೇಕು ಅಂತಲೂ ಇಲ್ಲ. ಕಿಂಗ್‌ಡಮ್ ಕಮ್: ಡೆಲಿವರೆನ್ಸ್ (2018) ನಡೆಯೋದು 1403ರ ಬೊಹೀಮಿಯಾದಲ್ಲಿ (ಈಗಿನ ಚೆಕ್ ದೇಶದ ಭಾಗ), ನೀವು ಕಮ್ಮಾರನ ಮಗ ಹೆನ್ರಿ. ಹೊಡೆದಾಡಿ ರಕ್ತ ಮೆತ್ತಿಕೊಂಡು ಊರಿಗೆ ಬಂದರೆ ಜನ ಮೂಗು ಮುರಿಯುತ್ತಾರೆ, ನಿಮ್ಮ ಮಾತಿಗೂ ಬೆಲೆ ಕಡಿಮೆ. ಹೆನ್ರಿಗೆ ಓದೋಕೆ ಬರಲ್ಲ, ಕಲಿಯುವ ತನಕ ಪುಸ್ತಕ ತೆರೆದರೆ ಅಕ್ಷರಗಳೆಲ್ಲ ಅದಲುಬದಲಾಗಿ ಕಾಣುತ್ತವೆ. ಸ್ನಾನ ಮಾಡಿ ಬಟ್ಟೆ ಒಗೆಸಿಕೊಂಡು ಯಾರನ್ನೋ ಭೇಟಿ ಮಾಡೋಕೆ ಹೋಗೋದು ಬೇರೆ ಗೇಮ್‌ನಲ್ಲಾದರೆ ಟೈಮ್ ವೇಸ್ಟ್ ಅನ್ನಿಸುತ್ತಿತ್ತು, ಅಲ್ವಾ? ಇಲ್ಲಿ ಅನ್ನಿಸಲ್ಲ.

ಹಾಗಂತ ಸ್ಕೈರಿಮ್‌ನಲ್ಲಿ ಏನೂ ಇಲ್ಲ ಅನ್ನಬೇಡಿ. ನೀವು ಥೇನ್ ಆದಾಗ ಜೊತೆಗೆ ಸಿಗುವ ಅಂಗರಕ್ಷಕಿ ಲಿಡಿಯಾ ಇದ್ದಾಳೆ. ನಿಮ್ಮ ಹೊರೆ ಹೊರುತ್ತೇನೆ ಅಂತ ಪ್ರಮಾಣ ಮಾಡಿದ್ದೇನೆ ಅಂತ ಅವಳು ಹೇಳುವ ಆ ಧ್ವನಿ ಕೇಳಿದ್ದೀರಲ್ಲ. ಸಾಕಾಗಿ ಹೋಗಿದೆ ಅನ್ನೋ ಹಾಗೆ. ಒಂದೇ ಸಾಲು, ಅಷ್ಟರಿಂದಲೇ ಜನರಿಗೆ ಅವಳು ಇಷ್ಟವಾದಳು.

ಕೊನೆಗೆ, ಯಾವುದು ಆಡಬೇಕು ಅನ್ನೋದು ನಿಮ್ಮ ಕಂಪ್ಯೂಟರ್ ಮೇಲೆ. ಬಾಲ್ಡರ್ಸ್ ಗೇಟ್‌ಗೆ 150 ಜಿಬಿ ಜಾಗ ಬೇಕು. ಡಿಸ್ಕೋ ಎಲೀಸಿಯಂಗೆ ಅಷ್ಟೆಲ್ಲ ಬೇಡ, ಆದರೆ ಇಂಗ್ಲಿಷ್ ಓದೋದು ರಾಶಿ ಇದೆ, ಅದೂ ಸಲೀಸಾದ ಇಂಗ್ಲಿಷ್ ಅಲ್ಲ. 2021ರ ಫೈನಲ್ ಕಟ್ ಆವೃತ್ತಿಯನ್ನೇ ತಗೊಳ್ಳಿ, ಪಾತ್ರಗಳ ಮಾತಿಗೆಲ್ಲ ಧ್ವನಿ ಇದೆ, ಕೇಳುತ್ತಾ ಓದಬಹುದು. ಲ್ಯಾಪ್‌ಟಾಪ್ ತೀರಾ ಹಳೆಯದಾಗಿದ್ದರೆ ಪ್ಲೇನ್‌ಸ್ಕೇಪ್‌ನ 2017ರ ಆವೃತ್ತಿ ಫೋನ್‌ನಲ್ಲೂ ಸಿಗುತ್ತದೆ. ಫೋನ್‌ನಲ್ಲಿ ಅಕ್ಷರ ಸ್ವಲ್ಪ ಸಣ್ಣದು, ಟ್ಯಾಬ್ ಇದ್ದರೆ ಒಳ್ಳೆಯದು.