ಪ್ರೀತಿ ಹಾರ್ಮೋನಿನ ಆಟವಾದರೆ ಅದು ಸುಳ್ಳಾಗುತ್ತದೆಯೇ?

ನಿಮ್ಮ ಪ್ರಶ್ನೆ ಇದು: ‘ಭಯ, ಸಂತೋಷ, ಪ್ರೀತಿ ಎಲ್ಲವೂ ಮಿದುಳಿನ ರಾಸಾಯನಿಕಗಳಷ್ಟೇ ಎನ್ನುತ್ತಾರೆ. ಹಾಗಿದ್ದರೆ ನನ್ನ ನಾಯಿ ನನ್ನನ್ನು ಪ್ರೀತಿಸುವುದು ನಿಜವೇ? ನಾನು ಅದನ್ನು ಪ್ರೀತಿಸುವುದು ನಿಜವೇ?’ ಎರಡೂ ನಿಜ ಎಂಬುದು ನನ್ನ ಉತ್ತರ. ಆದರೆ ಇಂಥ ಭಾವನೆಗೆ ಇಂಥದೇ ರಾಸಾಯನಿಕ ಎಂದು ಪಟ್ಟಿ ಮಾಡಿಕೊಡುವವರನ್ನು ನಂಬಬೇಡಿ. ಈ ವಿಷಯವನ್ನು ಬಹುಕಾಲದಿಂದ ಆಸೆಪಟ್ಟು ಓದುತ್ತಿರುವ ನನಗೆ, ನಿಮ್ಮ ಕಳವಳ ಹುಟ್ಟಿದ್ದೇ ಆ ಪಟ್ಟಿಯಿಂದ ಎನಿಸುತ್ತದೆ.

ಡೋಪಮೈನ್ ಎಂಬ ಮಿದುಳಿನ ರಾಸಾಯನಿಕವನ್ನೇ ನೋಡಿ. 1954ರಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ವಿಜ್ಞಾನಿಗಳು ಇಲಿಗಳ ಮಿದುಳಿಗೆ ತೆಳುವಾದ ತಂತಿ ಇಳಿಸಿ, ಸನ್ನೆ ಒತ್ತಿದಾಗಲೆಲ್ಲ ಅಲ್ಲಿ ಸ್ವಲ್ಪ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿಗಳು ಒತ್ತುತ್ತಲೇ ಹೋದವು. ಅದು ಸುಖದ ಕೇಂದ್ರವೆಂದೂ, ಮುಂದೆ ಡೋಪಮೈನ್ ಸುಖದ ರಾಸಾಯನಿಕವೆಂದೂ ಮಾತು ಬೆಳೆಯಿತು. ಇದು ನಿಜವೇ ಎಂದು ನೋಡಲು ನರವಿಜ್ಞಾನಿ ಕೆಂಟ್ ಬೆರಿಜ್ ಅವರು ಸುಮ್ಮನೆ ಇಲಿಯ ಮುಖವನ್ನು ಗಮನಿಸಿದರು. ನಾಲಿಗೆಗೆ ಸಕ್ಕರೆ ನೀರು ಬಿಟ್ಟರೆ ಇಲಿ ತುಟಿ ಸವರಿಕೊಳ್ಳುತ್ತದೆ; ಕಹಿ ಬಿಟ್ಟರೆ ಬಾಯಿ ಅಗಲಿಸುತ್ತದೆ, ತಲೆ ಕೊಡವುತ್ತದೆ, ಗಲ್ಲ ಒರೆಸಿಕೊಳ್ಳುತ್ತದೆ. ಹಸುಗೂಸುಗಳೂ ಸಿಹಿಗೆ ನಾಲಿಗೆ ಚಾಚುತ್ತವೆ, ಕಹಿಗೆ ಬಾಯಿ ತೆರೆದು ಮುಖ ಕಿವುಚುತ್ತವೆ. ಡೋಪಮೈನ್ ಬಹುತೇಕ ಬರಿದಾದ ಇಲಿಗಳು ಕಣ್ಣೆದುರಿನ ಆಹಾರವನ್ನೂ ಮುಟ್ಟುವುದಿಲ್ಲ. ಕೊಳವೆಯಿಂದ ಉಣಿಸದಿದ್ದರೆ ಹಸಿದೇ ಸಾಯುತ್ತವೆ. ಅಂಥ ಇಲಿಗಳೂ ನಾಲಿಗೆಗೆ ಸಿಹಿ ತಗುಲಿದಾಗ ಎಂದಿನಂತೆಯೇ ತುಟಿ ಸವರಿಕೊಂಡವು! ರುಚಿಯ ಹಿತ ಉಳಿದಿತ್ತು. ಅದನ್ನು ಅರಸಿ ಹೋಗುವ ತುಡಿತ ಹೋಗಿತ್ತು. ಎಂದೋ ಹಿತ ಕೊಡುವುದನ್ನು ನಿಲ್ಲಿಸಿದ ವಸ್ತುವಿಗಾಗಿಯೂ ಚಟ ಹತ್ತಿದವರು ಏಕೆ ಹಾತೊರೆಯುತ್ತಾರೆ ಎಂಬುದು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ.

ಭಯದ ಕಥೆಯೂ ಅಷ್ಟು ಸರಳವಲ್ಲ. ಎಸ್.ಎಂ. ಎಂಬ ಅಕ್ಷರಗಳಿಂದಷ್ಟೇ ವಿಜ್ಞಾನಲೋಕಕ್ಕೆ ಪರಿಚಿತರಾದ ಮಹಿಳೆಯೊಬ್ಬರಿದ್ದಾರೆ. ಅಪರೂಪದ ಕಾಯಿಲೆಯೊಂದರಿಂದ ಅವರ ಮಿದುಳಿನ ಎರಡೂ ಬದಿಯ ಅಮಿಗ್ಡಲಾ ನಾಶವಾಗಿದೆ. ಬೆದರಿಕೆಯನ್ನು ಗುರುತಿಸುವುದರಲ್ಲಿ ಬಾದಾಮಿಯಾಕಾರದ ಈ ಭಾಗದ ಪಾತ್ರ ದೊಡ್ಡದು. ಪ್ರಾಣಿಗಳ ಅಂಗಡಿಗೆ ಕರೆದೊಯ್ದಾಗ, ಹಾವು ತಮಗೆ ಇಷ್ಟವಿಲ್ಲ ಎನ್ನುತ್ತಿದ್ದ ಅವರು ಅದನ್ನು ಕೈಯಲ್ಲಿ ಹಿಡಿದು, ಅದರ ನಾಲಿಗೆಯನ್ನೂ ಮುಟ್ಟಿ ನೋಡಿದರು. ಇವರಿಗೆ ಭಯವೆಂಬುದೇ ಇಲ್ಲ ಎಂದು ಯಾರಾದರೂ ಹೇಳಿಯಾರು. ಆದರೆ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶೇ 35ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯನ್ನು ಒಮ್ಮೆ ಉಸಿರಾಡಿದ ಕೂಡಲೇ ಅವರು ಉಸಿರುಕಟ್ಟಿದವರಂತೆ ದಿಗಿಲುಗೊಂಡರು. ಅದೇ ಬಗೆಯ ಹಾನಿಯಾಗಿದ್ದ ಇನ್ನಿಬ್ಬರಿಗೂ ಹಾಗೆಯೇ ಆಯಿತು. ಹೊರಗಿನ ಹಾವಿಗೊಂದು ದಾರಿ, ಒಳಗಿನ ಉಸಿರುಗಟ್ಟುವಿಕೆಗೆ ಇನ್ನೊಂದು ದಾರಿ.

ಇನ್ನು ಪ್ರೀತಿ. ಪ್ರೇರಿ ವೋಲ್ ಎಂಬ ಇಲಿಯಂಥ ಪುಟ್ಟ ಪ್ರಾಣಿ ಸಾಮಾನ್ಯವಾಗಿ ಒಂದೇ ಸಂಗಾತಿಯೊಂದಿಗೆ ಬಾಳುತ್ತದೆ; ಇಬ್ಬರೂ ಸೇರಿ ಮರಿಗಳನ್ನು ಸಾಕುತ್ತವೆ. ಅದರ ಹತ್ತಿರದ ಬಂಧು ಬೆಟ್ಟದ ವೋಲ್ ಹಾಗಲ್ಲ. ಇವೆರಡರ ಮಿದುಳಿನಲ್ಲಿ ಆಕ್ಸಿಟೋಸಿನ್ ಮತ್ತು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನುಗಳ ಗ್ರಾಹಕಗಳು, ಅಂದರೆ ಅವುಗಳ ಸಂದೇಶವನ್ನು ಹಿಡಿಯುವ ಅಣುಗಳು, ಹರಡಿರುವ ರೀತಿಯೇ ಬೇರೆ. ಅಲ್ಲಿಂದ ಆಕ್ಸಿಟೋಸಿನ್‌ಗೆ ‘ಪ್ರೀತಿಯ ಹಾರ್ಮೋನು’ ಎಂಬ ಹೆಸರು ಜಗತ್ತಿಗೆಲ್ಲ ಹಬ್ಬಿತು. 2023ರಲ್ಲಿ ವಿಜ್ಞಾನಿಗಳು ಆಕ್ಸಿಟೋಸಿನ್ ಗ್ರಾಹಕವೇ ಇಲ್ಲದಂತೆ ಜೀನು ತಿದ್ದಿದ ಪ್ರೇರಿ ವೋಲ್‌ಗಳನ್ನು ಬೆಳೆಸಿದರು. ಅವೂ ಜೋಡಿ ಕಟ್ಟಿಕೊಂಡವು! ನನ್ನ ಮಟ್ಟಿಗೆ ಇದು ಈ ಕ್ಷೇತ್ರದ ಅತ್ಯಂತ ಸಂತೋಷದ ಸುದ್ದಿ. ಆಕ್ಸಿಟೋಸಿನ್‌ಗೆ ಕೆಲಸವಿಲ್ಲ ಎಂದು ಇದರ ಅರ್ಥವಲ್ಲ. ಬಾಂಧವ್ಯದಂಥ ಮುಖ್ಯವಾದ ಸಂಗತಿಯನ್ನು ದೇಹ ಒಂದೇ ಅಣುವಿನ ಭರವಸೆಯ ಮೇಲೆ ಬಿಟ್ಟಿಲ್ಲ ಎಂಬುದಷ್ಟೇ.

ರಾಸಾಯನಿಕ ಮೊದಲು, ಬದುಕು ಆಮೇಲೆ ಎಂಬ ಕ್ರಮವೂ ಸರಿಯಲ್ಲ. ಮರಿಗಳನ್ನು ಹೆಚ್ಚು ನೆಕ್ಕಿ ಸಾಕುವ ತಾಯಿ ಇಲಿಯ ಮಡಿಲಲ್ಲಿ ಬೆಳೆದ ಮರಿಗಳು ದೊಡ್ಡವಾದ ಮೇಲೆ ಒತ್ತಡಕ್ಕೆ ಕಡಿಮೆ ಹೆದರುತ್ತವೆ. ಇದು ರಕ್ತದಿಂದ ಬಂದದ್ದಿರಬಹುದೇ ಎಂದು ನರವಿಜ್ಞಾನಿ ಮೈಕೆಲ್ ಮೀನಿ ಅವರ ತಂಡ ಮರಿಗಳನ್ನು ಅದಲುಬದಲು ಮಾಡಿತು. ಮರಿಗಳು ಹೆತ್ತವಳನ್ನಲ್ಲ, ಸಾಕಿದವಳನ್ನು ಹೋಲಿದವು. ತಾಯಿಯ ಆರೈಕೆ ಒತ್ತಡದ ಹಾರ್ಮೋನಿಗೆ ಸ್ಪಂದಿಸುವ ಜೀನಿನ ಮೇಲೆ ಗುರುತು ಬಿಡುತ್ತದೆಂದು 2004ರಲ್ಲಿ ಅವರು ತೋರಿಸಿದರು.

ನಿಮ್ಮ ನಾಯಿಯ ಬಗ್ಗೆ ಹೇಳುವುದಾದರೆ, 2015ರಲ್ಲಿ ಜಪಾನಿನ ಸಂಶೋಧಕರು ಒಂದು ಸಂಗತಿ ಕಂಡುಕೊಂಡರು: ಒಡೆಯರ ಕಣ್ಣನ್ನು ಹೆಚ್ಚು ಹೊತ್ತು ದಿಟ್ಟಿಸಿದ ನಾಯಿಗಳಲ್ಲೂ, ಅವುಗಳ ಒಡೆಯರಲ್ಲೂ ಆಕ್ಸಿಟೋಸಿನ್ ಏರಿತ್ತು. ಮನುಷ್ಯರೇ ಸಾಕಿದ ತೋಳಗಳಲ್ಲಿ ಹಾಗಾಗಲಿಲ್ಲ. ನಾಯಿಯ ಒಳಗಿನ ಅನುಭವ ನಿಮ್ಮದರ ಪಡಿಯಚ್ಚು ಎಂದು ಇದರಿಂದ ಸಾಬೀತಾಗುವುದಿಲ್ಲ. ಪ್ರಾಣಿಯ ರಕ್ಷಣಾ ಪ್ರತಿಕ್ರಿಯೆಯನ್ನೂ ಭಯವೆಂಬ ಅರಿವನ್ನೂ ಒಂದೇ ಎಂದುಕೊಳ್ಳಬಾರದು ಎಂಬ ನರವಿಜ್ಞಾನಿ ಜೋಸೆಫ್ ಲೆಡೂ ಅವರ ಎಚ್ಚರಿಕೆಯನ್ನು ನಾನು ಗೌರವಿಸುತ್ತೇನೆ. ಆದರೂ ನಿಮ್ಮನ್ನು ಕಂಡಾಗ ಹಿಗ್ಗುವುದು, ನೀವು ಇಲ್ಲದಾಗ ಚಡಪಡಿಸುವುದು, ನಿಮ್ಮ ಪಕ್ಕದಲ್ಲಿ ಶಾಂತವಾಗುವುದು, ಇವೆಲ್ಲ ನಾಯಿಯಲ್ಲಿ ನಡೆಯುವುದು ನಿಮ್ಮಲ್ಲಿರುವಂಥದೇ ನರಜಾಲ, ನಿಮ್ಮಲ್ಲಿರುವವೇ ಹಾರ್ಮೋನುಗಳಿಂದ. ನಿಮ್ಮದನ್ನು ಪ್ರೀತಿ ಎನ್ನುವಿರಾದರೆ, ಅದರದನ್ನು ಬೇರೇನೋ ಎನ್ನಲು ನನಗೆ ಕಾರಣ ಕಾಣುವುದಿಲ್ಲ.