ಗಿಡ್ಡ ಸ್ಕೇಲ್‌ನ ರೆಸೊನೇಟರ್: ಕೊಳ್ಳುವ ಮುನ್ನ ಕೇಪೋ ಹಾಕಿ ನೋಡಿ

ಪ್ರಶ್ನೆ: ರೆಸೊನೇಟರ್ ಗಿಟಾರನ್ನು (ಒಳಗಿನ ಲೋಹದ ಕೋನಿನಿಂದ ನಾದ ಹೊಮ್ಮಿಸುವ ಗಿಟಾರ್) ತೊಡೆಯ ಮೇಲೆ ಮಲಗಿಸಿಟ್ಟು ಉಕ್ಕಿನ ಬಾರ್‌ನಿಂದ ನುಡಿಸುವ ಅಭ್ಯಾಸ ಎರಡು ವರ್ಷಗಳಿಂದ ಇದೆ. ವಾದ್ಯದ ಸ್ಕೇಲ್, ಅಂದರೆ ನುಡಿಯುವ ತಂತಿಯ ಉದ್ದ, 25 ಇಂಚು. ಶ್ರುತಿ ಓಪನ್ ಜಿ, ಅಂದರೆ ಬಾರ್ ಇಡದೆ ಮೀಟಿದರೆ ಜಿ ಮೇಜರ್ ಸ್ವರಮೇಳ ಬರುವ ಶ್ರುತಿ. ಮೊದಲ ಮೂರು ನಾಲ್ಕು ಫ್ರೆಟ್‌ಗಳಲ್ಲಿ ಬಾರನ್ನು ಓರೆಯಾಗಿ ಹಿಡಿಯುವಾಗ ಮಣಿಕಟ್ಟು ನೋಯುತ್ತದೆ. 22.5 ಇಂಚಿನ ವಾದ್ಯಕ್ಕೆ ಬದಲಾಯಿಸಿದರೆ ನಾದ ಕೆಡುತ್ತದೆಯೇ?

ಉತ್ತರ: ಕೈಗೆ ಅನುಕೂಲವಾಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. 25 ಇಂಚಿನ ಸ್ಕೇಲ್‌ನಲ್ಲಿ ನಟ್‌ನಿಂದ (ವಾದ್ಯದ ತಲೆಯ ಬಳಿ ತಂತಿಗಳನ್ನು ಹೊರುವ ಪಟ್ಟಿ) ಮೊದಲ ಫ್ರೆಟ್‌ಗೆ ಸುಮಾರು 35.6 ಮಿಲಿಮೀಟರ್ ದೂರವಿದ್ದರೆ, 22.5 ಇಂಚಿನದರಲ್ಲಿ ಅದು 32.1ಕ್ಕೆ ಇಳಿಯುತ್ತದೆ. ಮೂರೂವರೆ ಮಿಲಿಮೀಟರ್ ಅಲ್ಪವೆನಿಸಿದರೂ, ಬಾರನ್ನು ಓರೆ ಮಾಡುವಾಗ ಮಣಿಕಟ್ಟು ಎಷ್ಟು ತಿರುಗಬೇಕು ಎಂಬುದನ್ನು ನಿರ್ಧರಿಸುವುದು ಈ ಅಂತರವೇ.

ನಾದದ ವಿಷಯ ಅಷ್ಟು ಸರಳವಲ್ಲ. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ಏರಿಸಿದಾಗ ಅದರ ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ. ಉದ್ದ ಶೇಕಡಾ 10ರಷ್ಟು ಕಡಿಮೆಯಾದರೆ ಬಿಗಿತ ಶೇಕಡಾ 19ರಷ್ಟು ಕುಸಿಯುತ್ತದೆ. 1930ರ ದಶಕದ ಆರಂಭದಲ್ಲಿಯೇ ರಿಕನ್‌ಬ್ಯಾಕರ್ ಕಂಪನಿಯ ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್ (ತೊಡೆಯ ಮೇಲಿಟ್ಟು ಬಾರ್‌ನಿಂದ ನುಡಿಸುವ ಗಿಟಾರ್) 22.5 ಮತ್ತು 25 ಇಂಚಿನ ಎರಡೂ ಅಳತೆಗಳಲ್ಲಿ ಬಂದಿತ್ತು, ಆದ್ದರಿಂದ ಗಿಡ್ಡ ಸ್ಕೇಲ್ ಹೊಸ ಕಲ್ಪನೆಯೇನಲ್ಲ. ಆದರೆ ಅಲ್ಲಿ ತಂತಿಯ ಕಂಪನವನ್ನು ಪಿಕಪ್ ಗ್ರಹಿಸುತ್ತದೆ, ಧ್ವನಿಯನ್ನು ಹಿಗ್ಗಿಸುವ ಕೆಲಸ ಆಂಪ್ಲಿಫೈಯರ್‌ನದು. ರೆಸೊನೇಟರ್‌ನಲ್ಲಾದರೋ ಬ್ರಿಜ್‌ನ ಮೂಲಕ ತೆಳು ಅಲ್ಯೂಮಿನಿಯಂ ಕೋನನ್ನು ಅಲುಗಾಡಿಸಬೇಕಾದುದು ತಂತಿಯೇ. ಬಿಗಿತ ಕುಸಿದರೆ ಕೋನಿನ ಮೇಲೆ ಬೀಳುವ ಒತ್ತಡವೂ ಕುಸಿಯುತ್ತದೆ. ಮೇಲಾಗಿ, ಸುಮಾರು 200 ಗ್ರಾಂ ತೂಗುವ ಬಾರ್ ಸಡಿಲವಾದ ಮಂದ್ರ ತಂತಿಗಳನ್ನು ಕೆಳಕ್ಕೆ ಅದುಮುವುದರಿಂದ ಸ್ವರ ಏರುತ್ತದೆ, ತಂತಿ ಕಟಕಟ ಎನ್ನುತ್ತದೆ. ಗಿಡ್ಡ ಸ್ಕೇಲ್‌ನ ವಾದ್ಯಕ್ಕೆ ದನಿಯೇ ಇಲ್ಲವೆಂಬ ದೂರಿಗೆ ಅನೇಕ ವೇಳೆ ಕಾರಣ ವಾದ್ಯವಲ್ಲ, ಅದಕ್ಕೆ ಹೊಂದದ ತಂತಿ.

ಇದಕ್ಕೆ ಎರಡು ದಾರಿಗಳಿವೆ. ಓಪನ್ ಜಿ ಶ್ರುತಿಯನ್ನೇ ಉಳಿಸಿಕೊಳ್ಳುವುದಾದರೆ ತಂತಿಗಳ ದಪ್ಪವನ್ನು ಸುಮಾರು ಒಂಬತ್ತನೆಯ ಒಂದು ಪಾಲು ಹೆಚ್ಚಿಸಬೇಕು, 0.016 ಇಂಚಿನ ತಂತಿಯ ಜಾಗಕ್ಕೆ 0.018, 0.056ರ ಜಾಗಕ್ಕೆ 0.062 ಬರುತ್ತದೆ. ಬಿಗಿತ ಮರಳುತ್ತದೆ, ಆದರೆ ದಪ್ಪ ತಂತಿಯ ಪೆಡಸುತನದಿಂದ ಮಂದ್ರದ ಹೊಳಪು ತುಸು ಮಂಕಾಗುತ್ತದೆ. ಇನ್ನೊಂದು ದಾರಿಯೆಂದರೆ ಈಗಿರುವ ತಂತಿಗಳನ್ನೇ ಹಾಕಿ ಶ್ರುತಿಯನ್ನು ಎರಡು ಅರ್ಧಸ್ವರಗಳಷ್ಟು ಏರಿಸಿ ಓಪನ್ ಎ ಮಾಡಿಕೊಳ್ಳುವುದು. ಆಗ ಬಿಗಿತ ಹೆಚ್ಚುಕಡಿಮೆ 25 ಇಂಚಿನ ವಾದ್ಯದಷ್ಟೇ ಆಗುತ್ತದೆ. ಒಬ್ಬರೇ ನುಡಿಸುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ, ಏಕೆಂದರೆ ಗಿಡ್ಡ ತಂತಿ ಆ ಎತ್ತರದಲ್ಲಿ ಮನಸಾರೆ ಹಾಡುತ್ತದೆ. ಜಿ ಶ್ರುತಿಯವರೊಂದಿಗೆ ಕೂಡಿ ನುಡಿಸುವವರು ಮಾತ್ರ ಪ್ರತಿಯೊಂದು ಸ್ಥಾನವನ್ನೂ ಹೊಸದಾಗಿ ಎಣಿಸಬೇಕಾಗುತ್ತದೆ.

ಕೊಳ್ಳುವ ಮುನ್ನ ಒಂದು ಪರೀಕ್ಷೆಯನ್ನು ತಪ್ಪದೆ ಮಾಡಿ. ಫ್ರೆಟ್‌ಗಳಿಂದ ಎತ್ತರದಲ್ಲಿರುವ ತಂತಿಗಳನ್ನೇ ಮೇಲಿನಿಂದಲೂ ಕೆಳಗಿನಿಂದಲೂ ಕಚ್ಚಿ ಹಿಡಿಯುವ, ಲ್ಯಾಪ್ ವಾದನಕ್ಕೆಂದೇ ಮಾಡಿದ ಕೇಪೋವನ್ನು ನಿಮ್ಮ ಈಗಿನ ವಾದ್ಯದ ಎರಡನೆಯ ಫ್ರೆಟ್‌ನಲ್ಲಿ ಹಾಕಿದರೆ ನುಡಿಯುವ ತಂತಿಯ ಉದ್ದ ಸುಮಾರು 22.3 ಇಂಚಿಗೆ ಇಳಿಯುತ್ತದೆ. ಶ್ರುತಿ ಬದಲಿಸದೆ ನುಡಿಸಿದರೆ ಓಪನ್ ಎ ಅನುಭವ ಸಿಗುತ್ತದೆ; ತಂತಿಗಳನ್ನು ಎರಡು ಅರ್ಧಸ್ವರ ಇಳಿಸಿ ನಂತರ ಕೇಪೋ ಹಾಕಿದರೆ, ತಂತಿ ಬದಲಿಸದೆ ಗಿಡ್ಡ ಸ್ಕೇಲ್‌ನಲ್ಲಿ ಓಪನ್ ಜಿ ನುಡಿಸಿದಾಗ ಎದುರಾಗುವ ಸಡಿಲತನವೆಲ್ಲ ಕೈಗೇ ತಿಳಿಯುತ್ತದೆ. ಒಂದು ವಾರ ಹೀಗೆ ನುಡಿಸಿದ ಮೇಲೂ ಮಣಿಕಟ್ಟು ನೋಯುತ್ತಿದ್ದರೆ ತೊಂದರೆ ಸ್ಕೇಲ್‌ನದಲ್ಲ, ಬಾರನ್ನು ಹಿಡಿಯುವ ರೀತಿಯದು ಅಥವಾ ಕುಳಿತುಕೊಳ್ಳುವ ಎತ್ತರದ್ದು. ಆಗ ಹೊಸ ವಾದ್ಯಕ್ಕೆ ಹಣ ಹಾಕಬೇಡಿ.

ಶ್ರುತಿಶುದ್ಧಿಯ ಬಗ್ಗೆಯೂ ಎಚ್ಚರವಿರಲಿ. ಹನ್ನೆರಡನೆಯ ಫ್ರೆಟ್‌ನಲ್ಲಿ ಬಾರ್ ಒಂದು ಮಿಲಿಮೀಟರ್ ಆಚೀಚೆಯಾದರೆ 25 ಇಂಚಿನ ವಾದ್ಯದಲ್ಲಿ ಸುಮಾರು ಐದೂವರೆ ಸೆಂಟ್ (ಒಂದು ಸೆಂಟ್ ಎಂದರೆ ಅರ್ಧಸ್ವರದ ನೂರನೆಯ ಒಂದು ಪಾಲು) ತಪ್ಪುತ್ತದೆ, 22.5 ಇಂಚಿನದರಲ್ಲಿ ಆರು ಸೆಂಟ್. ಮೇಲಿನ ಫ್ರೆಟ್‌ಗಳಿಗೆ ಹೋದಷ್ಟೂ ಈ ತಪ್ಪು ಬೆಳೆಯುತ್ತದೆ.

ಪ್ರಶ್ನೆ: ದುಂಡು ಕುತ್ತಿಗೆಯ ಗಿಡ್ಡ ರೆಸೊನೇಟರ್‌ಗೆ ನಟ್ ಎತ್ತರಿಸುವ ತುಂಡು ಹಾಕಿ ತೊಡೆಯ ಮೇಲೆ ನುಡಿಸಬಹುದೇ?

ಉತ್ತರ: ನುಡಿಸಬಹುದು. ಆದರೆ ತೊಡೆಯ ಮೇಲೆ ನುಡಿಸಲೆಂದೇ ಮಾಡಿದ ಚೌಕ ಕುತ್ತಿಗೆಯ ವಾದ್ಯಗಳಲ್ಲಿ ಬಳಸುವ ಜಿ ಬಿ ಡಿ ಜಿ ಬಿ ಡಿ ಶ್ರುತಿಯನ್ನು ಅದರಲ್ಲಿ ಇಡಬೇಡಿ. ಸಾಮಾನ್ಯ ಗಿಟಾರ್ ಶ್ರುತಿಗೆ ಹೋಲಿಸಿದರೆ ಅದರಲ್ಲಿ ಆರನೆಯ ತಂತಿ ಮೂರು ಅರ್ಧಸ್ವರ, ಐದನೆಯದು ಎರಡು ಅರ್ಧಸ್ವರ ಮೇಲೇರುತ್ತದೆ. ದುಂಡು ಕುತ್ತಿಗೆ ಆ ಎಳೆತಕ್ಕೆಂದು ಮಾಡಿದ್ದಲ್ಲ. ಡಿ ಜಿ ಡಿ ಜಿ ಬಿ ಡಿ ಇಡಿ. ಅದರಲ್ಲಿ ಯಾವ ತಂತಿಯೂ ಮೇಲೇರುವುದಿಲ್ಲ. ಬ್ರಿಜ್‌ನ ಸ್ಯಾಡಲ್ ಕಮಾನಿನಂತೆ ಬಾಗಿದ್ದರೆ ಅದನ್ನು ಸಮತಲವಾಗಿ ತಿದ್ದಿಸಿಕೊಳ್ಳಿ, ಇಲ್ಲವಾದರೆ ನೆಟ್ಟಗಿನ ಬಾರ್ ಮೇಲಿನ ಫ್ರೆಟ್‌ಗಳಲ್ಲಿ ಅಂಚಿನ ತಂತಿಗಳಿಗೆ ಸರಿಯಾಗಿ ತಾಗುವುದಿಲ್ಲ.